ನೆಚ್ಚಿನ ಆಟ, ಮೆಚ್ಚಿನ ಆಟ, ಪಸಂದಿನ ಆಟ: 1997ಕ್ಕೆ ಯಾವುದು?

ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ.

ಕೇಳಲು ಬಂದಿರುವುದು ಪದದ ವಿಷಯ, ಆದರೆ ಜಗಳ ಹತ್ತಿದ್ದು ವಿಡಿಯೋ ಗೇಮ್‌ಗಳಿಂದ. ರಜೆಗೆ ಬಂದ ತಮ್ಮನೂ ನಾನೂ ಕುಳಿತು, 1985ರಿಂದ ಈಚೆಗೆ ವರ್ಷಕ್ಕೊಂದರಂತೆ ನಮಗೆ ಬಹಳ ಹಿಡಿಸಿದ ಆಟವನ್ನು ಆರಿಸಿ ಪಟ್ಟಿ ಮಾಡತೊಡಗಿದೆವು. 1985ಕ್ಕೆ ಸೂಪರ್ ಮಾರಿಯೋ ಬ್ರದರ್ಸ್, ಅದರಲ್ಲಿ ತಕರಾರಿಲ್ಲ. ತಮ್ಮ ಪಟ್ಟಿಯ ತಲೆಗೆ 'ನಮ್ಮ ನೆಚ್ಚಿನ ಆಟಗಳು' ಎಂದು ಬರೆದ. ನಾನು ಅದನ್ನು ಹೊಡೆದು 'ಮೆಚ್ಚಿನ' ಎಂದು ತಿದ್ದಿದೆ. ಅಡುಗೆಮನೆಯಿಂದ ಅವ್ವ, "ಪಸಂದ್ ಬಂದ ಆಟಗಳು ಎಂದು ಬರೆಯಿರಿ, ಮುಗಿಯಿತು" ಎಂದಳು. ಮುಗಿಯಲಿಲ್ಲ.

ನೆಚ್ಚು ಎಂದರೆ ನಂಬು, ಭರವಸೆ ಇಡು. ನಮ್ಮ ಕಡೆ ರೈತರು ಮಳೆಯನ್ನು ನೆಚ್ಚಿ ತೊಗರಿ ಬಿತ್ತುತ್ತಾರೆ. ಮಳೆಯನ್ನು ಮೆಚ್ಚಿ ಯಾರೂ ಬಿತ್ತುವುದಿಲ್ಲ. 'ನೆಚ್ಚಿನ ಬಂಟ' ಎಂದಾಗಲೂ ಅವನು ಕೈಬಿಡುವುದಿಲ್ಲ ಎಂಬ ಅರ್ಥವೇ ಮುಂದೆ ನಿಲ್ಲುತ್ತದೆ. ಪತ್ರಿಕೆಗಳ 'ನೆಚ್ಚಿನ ನಟ' ಮಾತ್ರ ನನಗೆ ಇಂದಿಗೂ ಒಗ್ಗಿಲ್ಲ. ಆ ನಟನನ್ನು ನಾವು ಯಾವುದಕ್ಕೆ ನಂಬಿ ಕುಳಿತಿದ್ದೇವೆ? ಮೆಚ್ಚು ಎಂಬುದರ ಬಗೆಯೇ ಬೇರೆ. ಮೆಚ್ಚುವವನು ತುಸು ದೂರದಲ್ಲಿ ನಿಂತು, ನೋಡಿ, ತೂಗಿ, ತಲೆದೂಗುತ್ತಾನೆ.

ಇದು ಕೂದಲು ಸೀಳುವ ವಾದ ಎಂದು ತಮ್ಮ ನಕ್ಕ. 1997ಕ್ಕೆ ಬಂದಾಗ ಅವನ ನಗೆ ನಿಂತಿತು, ಏಕೆಂದರೆ ಪದ ಬದಲಾದಂತೆ ಆಟವೂ ಬದಲಾಗತೊಡಗಿತು. ಆ ವರ್ಷ ನೋಕಿಯಾ 6110ರಲ್ಲಿ ಹಾವಿನ ಆಟ ಬಂತು. ನನ್ನ ಕೈಗೆ ಸಿಕ್ಕಿದ್ದು ಮುಂದೆ 3310ರಲ್ಲಿ ಬಂದ ಅದರ ಎರಡನೆಯ ರೂಪ. ಹುಮನಾಬಾದಿನ ಮೇಲೆ ಬೀದರಿಗೆ ಹೋಗುವ ಬಸ್ಸಿನಲ್ಲಿ ಅದೊಂದೇ ನನಗೆ ಗತಿ. ಅದನ್ನು ಮೆಚ್ಚಿದ್ದೆನೇ? ನಾಲ್ಕು ಗುಂಡಿ ಒತ್ತುವ ಆಟದಲ್ಲಿ ಮೆಚ್ಚಲು ಏನಿದೆ! ಆದರೆ ನೆಚ್ಚಿದ್ದು ನಿಜ. ಅದೇ 1997ರಲ್ಲಿ ಏಜ್ ಆಫ್ ಎಂಪೈರ್ಸ್ ಬಂತು. ಕಂಪ್ಯೂಟರ್ ಇದ್ದದ್ದು ಚಿಕ್ಕಪ್ಪನ ಮನೆಯಲ್ಲಿ. ಅವರ ಮಗ ಕಟ್ಟಿಗೆ, ಆಹಾರ, ಕಲ್ಲು, ಚಿನ್ನ ಕೂಡಿಹಾಕುತ್ತ ಶಿಲಾಯುಗದಿಂದ ಕಬ್ಬಿಣದ ಯುಗಕ್ಕೆ ಹೋಗುತ್ತಿದ್ದ, ನಾನು ಕುರ್ಚಿಯ ಹಿಂದೆ ನಿಂತು ನೋಡುತ್ತಿದ್ದೆ. ಮೌಸ್ ಮುಟ್ಟಿದ್ದು ಹೆಚ್ಚೆಂದರೆ ನಾಲ್ಕು ಸಲ. ಅದು ಮೆಚ್ಚಿನ ಆಟ, ನೆಚ್ಚಿನದಲ್ಲ.

ಇನ್ನು ಅವ್ವನ ಪದ. ಪಾರಸಿಯ ಪಸಂದ್ ಉರ್ದುವಿನಲ್ಲಿ ಯಾರಿಗೆ ಹಿಡಿಸಿತು ಎಂಬುದನ್ನು ಹೇಳುತ್ತದೆ: ನನಗೆ ಪಸಂದ್, ಅವನಿಗೆ ಪಸಂದ್. ಕನ್ನಡಕ್ಕೆ ಬಂದು ಅದು 'ಪಸಂದು' ಆದಾಗ ಗುಣ ವಸ್ತುವಿಗೇ ಅಂಟಿಕೊಂಡಿತು: ಊಟ ಪಸಂದಾಗಿದೆ, ಎಂದರೆ ಬಹಳ ಚೆನ್ನಾಗಿದೆ, ಯಾರ ಬಾಯಿಗೇ ಆಗಲಿ. ಕಲಬುರಗಿಯಲ್ಲಿ ಮನೆಯೊಳಗೆ ಕನ್ನಡ, ಓಣಿಗೆ ಇಳಿದರೆ ದಖನಿ ಉರ್ದು. ಹಾಗಾಗಿ ನಮ್ಮಲ್ಲಿ ಎರಡೂ ಅರ್ಥ ಬದುಕಿವೆ, ಜೊತೆಗೆ ಮೂರನೆಯದೂ ಇದೆ. ಅವ್ವ ಸೀರೆ ಅಂಗಡಿಯಲ್ಲಿ ಹತ್ತು ಬಿಚ್ಚಿಸಿ ಒಂದನ್ನು 'ಪಸಂದ್ ಮಾಡುತ್ತಾಳೆ', ಎಂದರೆ ಆರಿಸುತ್ತಾಳೆ. ನೆಚ್ಚಿನ, ಮೆಚ್ಚಿನ ಎರಡರಲ್ಲೂ ಈ ಆರಿಸುವ ಕೆಲಸವಿಲ್ಲ. ವರ್ಷಕ್ಕೊಂದೇ ಎಂಬ ಪಟ್ಟಿಗೆ ಬೇಕಾದದ್ದು ಅದೇ ಅಲ್ಲವೇ? ಸೂಪರ್ ಮಾರ್ಕೆಟ್ ಕಡೆಯ ಗೇಮ್ ಪಾರ್ಲರಿನಲ್ಲಿ ಗಂಟೆಯ ದುಡ್ಡು ಕೊಟ್ಟ ಮೇಲೆ, ಇರುವ ಸಿಡಿಗಳನ್ನೆಲ್ಲ ತಿರುವಿಹಾಕಿ ನಾನು ಪ್ರತಿ ಸಲ ಎತ್ತಿಕೊಳ್ಳುತ್ತಿದ್ದದ್ದು ಟೆಕ್ಕನ್ 3. ಅದೂ ಮೊದಲು ಆರ್ಕೇಡ್‌ಗೆ, ಎಂದರೆ ನಾಣ್ಯ ಹಾಕಿ ಆಡುವ ಯಂತ್ರಕ್ಕೆ, ಬಂದದ್ದು 1997ರಲ್ಲೇ. ಒಂದು ವರ್ಷ, ಮೂರು ಪದ, ಮೂರು ಆಟ.

ಇದರ ನಡುವೆ 'ವರ್ಷದ' ಎಂಬ ಷಷ್ಠಿಯೂ ಕಾಡಿತು: ಆಟ ಹುಟ್ಟಿದ ವರ್ಷವೋ ನಾವು ಆಡಿದ ವರ್ಷವೋ? ಹುಟ್ಟಿದ ವರ್ಷ ಎಂದು ಗೆರೆ ಎಳೆದೆವು, ಇಲ್ಲದಿದ್ದರೆ ನಮ್ಮ ಊರಿಗೆ ತಡವಾಗಿ ಬಂದವೆಲ್ಲ ಒಂದೇ ಸಾಲಿನಲ್ಲಿ ಗುಂಪಾಗುತ್ತಿದ್ದವು. 1993ಕ್ಕೆ 'ಮುಸ್ತಫಾ' ಎಂದು ಬರೆದಿದ್ದೇವೆ. ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್ ಎಂದು ತಿಳಿದದ್ದು ಮೀಸೆ ಬಂದ ಮೇಲೆ. ನಾಲ್ಕು ಪಾತ್ರಗಳಲ್ಲಿ ಒಬ್ಬನಾದ ಮುಸ್ತಫಾನ ಹೆಸರನ್ನೇ ಹುಡುಗರು ಇಡೀ ಆಟಕ್ಕೆ ಇಟ್ಟಿದ್ದರು. ಅದನ್ನು ತಿದ್ದುವ ಮನಸ್ಸು ನಮ್ಮಿಬ್ಬರಿಗೂ ಇಲ್ಲ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಇವು. 'ನೆಚ್ಚಿನ' ಎಂಬುದು ನಂಬಿಕೆಯ ಅರ್ಥವನ್ನು ಬಿಟ್ಟು ಬರಿಯ ಇಷ್ಟಕ್ಕೆ ಜಾರಿದ್ದು ಎಂದಿನಿಂದ? ಮೆಚ್ಚಿನ ಎಂಬುದರ ಪ್ರಾಸವೇ ಅದನ್ನು ಎಳೆದು ತಂದಿತೇ? 'ಪಸಂದಿನ' ಎಂಬ ರೂಪವನ್ನು ಆರಿಸಿಕೊಂಡದ್ದು ಎಂಬ ಅರ್ಥದಲ್ಲಿ ಬೀದರ್, ಯಾದಗಿರಿಯವರು ಬರಹದಲ್ಲಿ ಬಳಸುತ್ತೀರಾ, ಅಥವಾ ಅದು ಅಂಗಡಿಯ ಮಾತಾಗಿಯೇ ಉಳಿದಿದೆಯೇ? ಮೈಸೂರು ಕಡೆಯವರ ಕಿವಿಗೆ 'ನನ್ನ ಪಸಂದಿನ ಆಟ' ಹೇಗೆ ಕೇಳಿಸುತ್ತದೆ?

1997ರ ಸಾಲನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇವೆ. ತಮ್ಮ ಭಾನುವಾರ ಪುಣೆಗೆ ಹೊರಡುತ್ತಾನೆ, ಅಷ್ಟರೊಳಗೆ ಉತ್ತರ ಬಂದರೆ ಉಪಕಾರವಾಗುತ್ತದೆ.