ಅತ್ತರೆ ವಿಶ್ವಾಸ ಕಡಿಮೆ ಅಂತಾನಾ? ಅಪ್ಪ ಹೋಗಿ ನಾಲ್ಕು ತಿಂಗಳು

ತೋಟದಮನೆ (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಯಾರ ಹತ್ತಿರವೂ ಕೇಳೋಕೆ ಆಗದೆ ಇಲ್ಲಿ ಬರೆಯುತ್ತಿದ್ದೇನೆ.

ಜುಲೈ ಮೊದಲ ವಾರ ಅಪ್ಪ ತೀರಿಕೊಂಡರು. ರಾತ್ರಿ ಊಟ ಆದ ಮೇಲೆ ಎದೆ ಹಿಡಿದ ಹಾಗೆ ಆಗ್ತಿದೆ ಅಂದರು. ಗ್ಯಾಸ್ ಇರಬೇಕು ಅಂತ ನಾನೇ ಜೀರಿಗೆ ಕಷಾಯ ಮಾಡಿ ಕೊಟ್ಟೆ. ಕುಡಿದು ಮಲಗಿದರು. ಹೊರಗೆ ಜೋರು ಮಳೆ, ಕರೆಂಟ್ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಬೆಳಗಿನ ಜಾವ ಬೆವರು ಸುರಿಯೋಕೆ ಶುರುವಾದಾಗ ಪಕ್ಕದ ಮನೆಯವರ ಜೀಪಿನಲ್ಲಿ ಶಿವಮೊಗ್ಗಕ್ಕೆ ಹೊರಟೆವು. ಮಂಡಗದ್ದೆ ದಾಟುವ ಹೊತ್ತಿಗೆ ನನ್ನ ಕೈಯಲ್ಲಿದ್ದ ಅಪ್ಪನ ಕೈ ತಣ್ಣಗಾಯಿತು. ಆಮೇಲೆ ಆ ದಾರಿಯಲ್ಲಿ ನಾನು ಹೋಗಿಲ್ಲ. ಶಿವಮೊಗ್ಗಕ್ಕೆ ಹೋಗೋದನ್ನೇ ಬಿಟ್ಟಿದ್ದೇನೆ.

ನಮ್ಮದು ಪ್ರಾಟೆಸ್ಟೆಂಟ್ ಕುಟುಂಬ. ನಮ್ಮ ಚರ್ಚಿನ ಸಭೆಯವರು ಬಂದರು, ಹಾಡಿದರು, ಪ್ರಾರ್ಥನೆ ಮಾಡಿದರು, ಅವರ ಪ್ರೀತಿಗೆ ಯಾವ ಕೊರತೆಯೂ ಇಲ್ಲ. ಆದರೆ ಬಂದವರೆಲ್ಲ ಒಂದೇ ಮಾತು, ಅಳಬೇಡ, ಅಪ್ಪ ಕರ್ತನ ಹತ್ತಿರ ಇದ್ದಾರೆ, ಸಂತೋಷಪಡು ಅಂತ. ಒಬ್ಬರಂತೂ ವಿಶ್ವಾಸಿಗಳು ಹೀಗೆ ಅಳಬಾರದು, ನೋಡುವವರ ಮುಂದೆ ನಮ್ಮ ನಂಬಿಕೆಯ ಸಾಕ್ಷಿ ಕೆಡುತ್ತದೆ ಅಂದುಬಿಟ್ಟರು. ಅವತ್ತಿನಿಂದ ಅಮ್ಮ ಅಳೋದನ್ನು ನಿಲ್ಲಿಸಿದ್ದಾರೆ. ನಾನು ತೋಟಕ್ಕೆ ಹೋಗಿ ಅಳುತ್ತೇನೆ.

ಪುನರುತ್ಥಾನ ಇದೆ, ಸತ್ತವರು ಮತ್ತೆ ಎದ್ದು ಬರುತ್ತಾರೆ ಅಂತ ನಾನು ನಂಬಿದ್ದೇನೆ. ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ. ಆದರೂ ಪ್ರಾರ್ಥನೆಗೆ ಕೂತರೆ ಕಷಾಯದ ಲೋಟ ಕಣ್ಣ ಮುಂದೆ ಬರುತ್ತದೆ, ಮಾತೇ ಹೊರಡಲ್ಲ. ಆ ರಾತ್ರಿಯೇ ಹೊರಟಿದ್ದರೆ? ನಿಮಗೆ ಯಾರಿಗಾದರೂ ಹೀಗೆ ಆಗಿದೆಯಾ? ಆಗ ಯಾವುದು ಹಿಡಿದು ನಿಲ್ಲಿಸಿತು?

ಸಾಗರದ ನರ್ಸಮ್ಮ

ಮಗಳೇ, ಮೊದಲು ಕಷಾಯದ ವಿಷಯ. ಮೂವತ್ತು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಹೃದಯದ ನೋವನ್ನು ಗ್ಯಾಸ್ ಅಂದುಕೊಂಡು ಮನೆಮದ್ದು ಮಾಡಿ ಬಂದವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ, ಅದರಲ್ಲಿ ಓದಿದವರೂ ಇದ್ದರು, ನಮ್ಮ ಜೊತೆ ಕೆಲಸ ಮಾಡುವವರೂ ಇದ್ದರು. ಇಸಿಜಿ ತೆಗೆಯದೆ ಡಾಕ್ಟರಿಗೂ ಗೊತ್ತಾಗಲ್ಲ. ಕೆಲವು ಸಲ ಮೊದಲ ಇಸಿಜಿಯಲ್ಲೂ ಏನೂ ಕಾಣಲ್ಲ. ಬೇಗ ಹೋದಷ್ಟೂ ಒಳ್ಳೆಯದು ಅನ್ನೋದು ನಿಜ, ಅದನ್ನು ನಾನು ಮುಚ್ಚಿಡಲ್ಲ. ಆದರೆ ಬೆಳಿಗ್ಗೆ ಗೊತ್ತಾದದ್ದನ್ನು ಇಟ್ಟುಕೊಂಡು ರಾತ್ರಿಯ ನಿನಗೆ ಶಿಕ್ಷೆ ಕೊಡಬೇಡ. ಆ ಮಳೆಯಲ್ಲಿ ಕರೆಂಟ್ ಇಲ್ಲದ ಅಡುಗೆಮನೆಯಲ್ಲಿ ನಿಂತು ಅಪ್ಪನಿಗೆ ಬಿಸಿ ಬಿಸಿ ಮಾಡಿ ಕೊಟ್ಟೆಯಲ್ಲ, ಅವರು ಮಗಳ ಕೈಯಿಂದ ಕುಡಿದು ಮಲಗಿದರಲ್ಲ, ಅದೂ ನಡೆದದ್ದೇ.

ಇನ್ನು "ಹೀಗೆ ಮಾಡಿದ್ದರೆ" ಅನ್ನೋ ಮಾತು. ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ತೆಗೆದು ಓದು. ಮಾರ್ಥ, ಮರಿಯ ಅನ್ನೋ ಅಕ್ಕತಂಗಿಯರ ತಮ್ಮ ಲಾಜರ ಸತ್ತು ನಾಲ್ಕು ದಿನ ಆದ ಮೇಲೆ ಯೇಸು ಬರುತ್ತಾನೆ. ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂತ ಮಾರ್ಥಳು ಮುಖಕ್ಕೇ ಹೇಳುತ್ತಾಳೆ. ಮರಿಯಳು ಬಂದು ಅದೇ ಮಾತು ಹೇಳುತ್ತಾಳೆ. ಆ ನಾಲ್ಕು ದಿನ ಅಕ್ಕತಂಗಿ ಇಬ್ಬರೂ ಇದನ್ನೇ ಹೇಳಿಕೊಂಡು ಕೂತಿದ್ದಿರಬೇಕು ಅಂತ ನನಗೆ ಅನ್ನಿಸುತ್ತದೆ. ಯೇಸು ಇಬ್ಬರನ್ನೂ ಗದರಿಸಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತನು. ನಮ್ಮ ಯಜಮಾನರು ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಎಲ್ಲ ಗೊತ್ತಿದ್ದವನೇ ಅತ್ತ ಅಂದ ಮೇಲೆ ನಿನ್ನ ಕಣ್ಣೀರಿನಿಂದ ಯಾವ ಸಾಕ್ಷಿಯೂ ಕೆಡಲ್ಲ.

ಅಮ್ಮನನ್ನು ನೋಡಿಕೋ. ಅಳು ನಿಲ್ಲಿಸಿದವರ ಬಗ್ಗೆ ನನಗೆ ಜಾಸ್ತಿ ಯೋಚನೆ. ನಿದ್ದೆ ಮಾಡ್ತಾರಾ, ಸರಿಯಾಗಿ ಊಟ ಮಾಡ್ತಾರಾ? ಇಲ್ಲ ಅಂದರೆ ಡಾಕ್ಟರಿಗೆ ಒಮ್ಮೆ ತೋರಿಸು. ಅದೇನೂ ಅವಿಶ್ವಾಸ ಅಲ್ಲ.

ಭದ್ರಾವತಿ ಅಯ್ಯನವರು (ನಿವೃತ್ತ ಸಭಾಪಾಲಕ)

ತಂಗಿ, ನಿಮಗೆ ಆ ಮಾತು ಹೇಳಿದವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ. ನನ್ನ ಮೊದಲ ವರ್ಷಗಳಲ್ಲಿ ಸಾವಿನ ಮನೆಗಳಲ್ಲಿ ನಾನೂ ಹಾಗೇ ಮಾತಾಡಿದ್ದೇನೆ.

ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ವಾಕ್ಯ ಬಹುಶಃ 1 ಥೆಸಲೋನಿಕ 4:13. ಅಪೊಸ್ತಲ ಪೌಲನು ಥೆಸಲೋನಿಕದ ಸಭೆಗೆ ಆ ಪತ್ರವನ್ನು ಕ್ರಿ.ಶ. 50ರ ಸುಮಾರಿಗೆ ಬರೆದ. ಹೊಸ ಸಭೆ, ಅಷ್ಟರಲ್ಲೇ ಕೆಲವರು ತೀರಿಕೊಂಡಿದ್ದರು, ಉಳಿದವರಿಗೆ ದಿಗಿಲು. ಅಲ್ಲಿ ಅವನು ದುಃಖಪಡಬೇಡಿ ಅಂತ ಹೇಳಿ ಅಲ್ಲಿಗೇ ನಿಲ್ಲಿಸುವುದಿಲ್ಲ. ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅನ್ನುತ್ತಾನೆ. ಆ "ಹಾಗೆ" ಅನ್ನೋದನ್ನು ನುಂಗಿಬಿಟ್ಟರೆ ಇಡೀ ಮಾತಿನ ಅರ್ಥವೇ ಬೇರೆ ಆಗುತ್ತದೆ.

ನರ್ಸಮ್ಮ ಹೇಳಿದ ಅಧ್ಯಾಯಕ್ಕೆ ಒಂದು ಸೇರಿಸುತ್ತೇನೆ. ಮರಿಯಳು ಅಳುವುದನ್ನು ಕಂಡು ಯೇಸು ಮನಸ್ಸಿನಲ್ಲಿ ನೊಂದುಕೊಂಡ ಅಂತ ನಾವು ಓದುತ್ತೇವೆ. ಆದರೆ ಅಲ್ಲಿನ ಗ್ರೀಕ್ ಪದದಲ್ಲಿ ಸಿಟ್ಟೂ ಇದೆ. ಹಳೆಯ ಗ್ರೀಕರು ಕುದುರೆ ಬುಸುಗುಟ್ಟುವುದಕ್ಕೂ ಅದೇ ಪದ ಬಳಸುತ್ತಿದ್ದರು. ಯೇಸುವಿಗೆ ಸಾವಿನ ಮೇಲೇ ಸಿಟ್ಟು ಬಂತು ಅಂತ ನಾನು ಓದಿಕೊಳ್ಳುತ್ತೇನೆ. ಪೌಲನೂ 1 ಕೊರಿಂಥ 15ರಲ್ಲಿ ಸಾವನ್ನು ಕಡೆಯ ಶತ್ರು ಅಂತಲೇ ಕರೆಯುತ್ತಾನೆ. ಆದ್ದರಿಂದ ಆದದ್ದೆಲ್ಲ ಒಳ್ಳೆಯದಕ್ಕೇ ಆಯಿತು ಅಂತ ನೀವು ಬಲವಂತವಾಗಿ ಹೇಳಿಕೊಳ್ಳಬೇಕಿಲ್ಲ. ಶತ್ರು ಬಂದು ಹೊಡೆದಿದ್ದಾನೆ, ನೋಯುತ್ತದೆ.

ಕೊರಿಂಥದ ಅದೇ ಅಧ್ಯಾಯದಲ್ಲಿ ಬೀಜದ ಮಾತು ಬರುತ್ತದೆ, ಬಿತ್ತಿದ್ದು ಒಂದು, ಮೇಲೆ ಬರುವುದು ಇನ್ನೊಂದು. ಸಸಿಮಡಿ ನೋಡಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ನಿರೀಕ್ಷೆ ಆತ್ಮ ಎಲ್ಲೋ ಮೇಲೆ ಸುಖವಾಗಿದೆ ಅನ್ನುವಷ್ಟಕ್ಕೇ ಮುಗಿಯುವುದಿಲ್ಲ. ದೇಹವೂ ಏಳುತ್ತದೆ. ಎದ್ದು ಬಂದ ಯೇಸುವಿನ ಕೈಯಲ್ಲಿ ಗಾಯದ ಗುರುತು ಹಾಗೇ ಇತ್ತು, ಶಿಷ್ಯರು ಗುರುತು ಹಿಡಿದರು. ನಿಮ್ಮ ಕೈಯಲ್ಲಿ ತಣ್ಣಗಾದ ಆ ಕೈಯನ್ನು ದೇವರು ಮರೆತಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಪ್ರಾರ್ಥನೆ ಬರದಿದ್ದರೆ 88ನೇ ಕೀರ್ತನೆ ಓದಿ. ಅದು ಕತ್ತಲೆ ಅನ್ನುವ ಮಾತಿನಲ್ಲೇ ಮುಗಿಯುತ್ತದೆ. ಅಂಥದ್ದನ್ನೂ ದೇವರು ಬೈಬಲಿನಲ್ಲಿ ಉಳಿಸಿದ್ದಾನೆ. ಅದೂ ಆಗದಿದ್ದರೆ ಸುಮ್ಮನೆ ಕೂತಿರಿ. ಮಾತು ಬಾರದಾಗ ಪವಿತ್ರಾತ್ಮನೇ ನರಳಿ ನಮಗಾಗಿ ಬೇಡುತ್ತಾನೆ ಅಂತ ರೋಮ 8ರಲ್ಲಿದೆ. ಈ ವಾರ ನಿಮ್ಮ ಪಾಲಿನ ಪ್ರಾರ್ಥನೆಯನ್ನು ನಾನು ಮಾಡುತ್ತೇನೆ.

ಬಿ.ಎಚ್. ರೋಡ್ ಪಕ್ಕದವನು

ನಾವು ಕಥೋಲಿಕರು, ನಮ್ಮ ರೀತಿ ಸ್ವಲ್ಪ ಬೇರೆ. ಸತ್ತವರಿಗಾಗಿ ನಾವು ಪ್ರಾರ್ಥನೆ ಮಾಡುತ್ತೇವೆ, ನಿಮ್ಮಲ್ಲಿ ಅದು ಇಲ್ಲ ಅಂತ ಗೊತ್ತು. ಅದನ್ನು ಇಲ್ಲಿ ವಾದ ಮಾಡೋಕೆ ಬಂದಿಲ್ಲ. ನಮ್ಮ ಮನೆಯ ಅನುಭವ ಅಷ್ಟೇ ಹೇಳುತ್ತೇನೆ ಅಕ್ಕ.

ಶಿವಮೊಗ್ಗ ಧರ್ಮಕ್ಷೇತ್ರ (ಒಬ್ಬ ಬಿಷಪರ ಆಡಳಿತದ ಪ್ರದೇಶ) ಆಗಿದ್ದು 1988ರಲ್ಲಿ, ನಮ್ಮ ಅವ್ವ ಹೋಗಿದ್ದು ಅದರ ಹಿಂದಿನ ವರ್ಷ. ಅಷ್ಟು ಹಳೆಯದು. ಆದರೂ ನವೆಂಬರ್ 2ಕ್ಕೆ, ಮೃತರ ದಿನ, ಅಣ್ಣತಮ್ಮಂದಿರೆಲ್ಲ ಸೇರುತ್ತೇವೆ. ಮೊನ್ನೆಯೂ ಹೋಗಿದ್ದೆವು. ಮಳೆಗಾಲದ ಹುಲ್ಲು ಮೊಣಕಾಲಿನವರೆಗೆ ಬೆಳೆದಿತ್ತು, ಕತ್ತಿ ತಗೊಂಡು ಹೋಗಿ ಕಿತ್ತು, ಪಾಚಿ ಉಜ್ಜಿ, ಸೇವಂತಿಗೆ ಇಟ್ಟು ಮೇಣದಬತ್ತಿ ಹಚ್ಚಿದೆವು. ಗುರುಗಳು ಬಂದು ಒಂದೊಂದೇ ಸಮಾಧಿಗೆ ತೀರ್ಥ ಚಿಮುಕಿಸಿದರು. ದೊಡ್ಡಣ್ಣನಿಗೆ ಈಗ ಎಪ್ಪತ್ತು, ಅವನು ಈಗಲೂ ಅಳುತ್ತಾನೆ. ಯಾರೂ ಬೇಡ ಅನ್ನಲ್ಲ. ಅತ್ತು ಆದ ಮೇಲೆ ಎಲ್ಲರೂ ಹೋಟೆಲಿಗೆ ಹೋಗಿ ಕಾಫಿ ಕುಡಿದು ಅವ್ವನ ಮಾತೇ ಆಡುತ್ತೇವೆ.

ಅಪ್ಪನ ಸಮಾಧಿಗೆ ಒಮ್ಮೆ ಅಮ್ಮನನ್ನು ಕರೆದುಕೊಂಡು ಹೋಗಿ. ಜೊತೆಗೆ ಒಂದು ಕತ್ತಿ ಇರಲಿ. ಕೈಗೆ ಕೆಲಸ ಇದ್ದರೆ ಅಳು ತಾನಾಗಿ ಬರುತ್ತದೆ.

ಹೊಸನಗರ ಅಡಿಕೆ

ನಾನು ಕ್ರಿಶ್ಚಿಯನ್ ಅಲ್ಲ. ನಿಮ್ಮ ಗ್ರಂಥದ ವಿಷಯ ಹೇಳುವಷ್ಟು ತಿಳಿದಿಲ್ಲ. ಆದರೂ ಓದಿ ಸುಮ್ಮನಿರೋಕೆ ಆಗಲಿಲ್ಲ. ತಂಗಿ, ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾಯಿತಲ್ಲ, ತೋಟ ಯಾರು ನೋಡಿಕೊಳ್ಳುತ್ತಿದ್ದಾರೆ? ಮರ ಹತ್ತಿ ಕೊನೆ ಇಳಿಸುವ ಕೊನೆಗಾರರು ಸಿಕ್ಕಿದ್ದಾರಾ? ನಮ್ಮ ಕಡೆಯಿಂದ ಇಬ್ಬರನ್ನು ಕಳಿಸಬಹುದು, ಮೆಸೇಜ್ ಮಾಡಿ. ಬೇಸರದಲ್ಲಿ ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟುಬಿಡಬೇಡಿ. ಈ ವರ್ಷ ಯಾವುದನ್ನೂ ತೀರ್ಮಾನ ಮಾಡೋಕೆ ಹೋಗಬೇಡಿ.

ತೋಟದಮನೆ (ತೀರ್ಥಹಳ್ಳಿ ಕಡೆ)

ಮೂರು ದಿನ ಆಯಿತು, ಉತ್ತರ ಬರೆಯೋಕೆ ಆಗಿರಲಿಲ್ಲ. ಎಲ್ಲರಿಗೂ ಏನು ಹೇಳಲಿ.

ನಿನ್ನೆ ರಾತ್ರಿ ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಕಷಾಯದ ಮಾತು ಬಂದಾಗ ಅಮ್ಮ ನನ್ನ ಕೈ ಹಿಡಿದು, ಆ ಕಷಾಯ ಮಾಡು ಅಂತ ಒಳಗಿನಿಂದ ಕೂಗಿ ಹೇಳಿದ್ದು ನಾನೇ ಅಲ್ವಾ, ನಿನಗೆ ನೆನಪಿಲ್ವಾ ಅಂದರು. ನನಗೆ ನಿಜವಾಗಿಯೂ ನೆನಪಿರಲಿಲ್ಲ. ನಾಲ್ಕು ತಿಂಗಳು ಅವರೂ ಒಬ್ಬರೇ ಅದನ್ನು ಹೊತ್ತುಕೊಂಡಿದ್ದಾರೆ. ಇಬ್ಬರೂ ಅತ್ತೆವು, ತುಂಬಾ ಹೊತ್ತು. ಆಮೇಲೆ ಅಮ್ಮನೇ ಬೈಬಲ್ ತೆಗೆದು ಮಾರ್ಥಳ ಭಾಗ ಜೋರಾಗಿ ಓದಿದರು.

ಅಡಿಕೆ ಅಣ್ಣ, ಕೊನೆಗಾರರು ಸೋಮವಾರದಿಂದ ಬಂದರೆ ಸಾಕು, ಮೆಸೇಜ್ ಮಾಡಿದ್ದೇನೆ. ಗುರುವಾರ ಬ್ಯಾಂಕ್ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋಗಬೇಕು. ಅಮ್ಮನೂ ಬರುತ್ತಾರಂತೆ. ಮಂಡಗದ್ದೆಯಲ್ಲಿ ಸ್ವಲ್ಪ ಹೊತ್ತು ಇಳಿಯೋಣ ಅಂದರು.