ಆಷಾಢದಲ್ಲಿ ನಿಂತ ಹೈಬ್ರಿಡ್ ಕಾರು ಚಾಲೂ ಆಗುತ್ತಿಲ್ಲ, ದೊಡ್ಡ ಬ್ಯಾಟರಿ ಹೋಯಿತೇ?

ಗುಮ್ಮಟದೂರು (ವಿಜಯಪುರ):
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ನಾಲ್ಕು ಬಾಡಿಗೆ ಕಾರುಗಳಿವೆ, ಎಲ್ಲವೂ ಹಳದಿ ಬೋರ್ಡಿನವು. ಎರಡು ಡೀಸೆಲ್, ಎರಡು ಪೆಟ್ರೋಲ್ ಹೈಬ್ರಿಡ್. ಹೊರಗಿನಿಂದ ಚಾರ್ಜ್ ಮಾಡುವ ಬಗೆಯವಲ್ಲ, ಓಡುತ್ತಲೇ ಬ್ಯಾಟರಿ ತುಂಬಿಕೊಳ್ಳುವಂಥವು. ಆಷಾಢ ಹಿಡಿದ ಮೇಲೆ ಮದುವೆ ಬಾಡಿಗೆಗಳು ನಿಂತವು. ಒಂದು ಹೈಬ್ರಿಡ್ ಒಂಬತ್ತು ದಿನ ಶೆಡ್ಡಿನಲ್ಲೇ ಇತ್ತು. ಹತ್ತನೆಯ ದಿನ ಬೆಳಗಿನ ಐದು ಗಂಟೆಗೆ ಒಬ್ಬ ಹಿರಿಯರನ್ನು ಸೊಲ್ಲಾಪುರದ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ರಿಮೋಟಿಗೆ ಬಾಗಿಲು ತೆರೆಯಲಿಲ್ಲ. ರಿಮೋಟಿನ ಒಳಗಿನ ಲೋಹದ ಕೀಲಿಯಿಂದ ತೆರೆದು ಗುಂಡಿ ಒತ್ತಿದರೆ ದೀಪಗಳೆಲ್ಲ ಒಮ್ಮೆ ಮಿನುಗಿ ಆರಿದವು. ಕಾರು ಹೊರಡಲು ಸಿದ್ಧ ಎಂದು ತೋರಿಸುವ 'ರೆಡಿ' ದೀಪ ಬರಲೇ ಇಲ್ಲ. ಡೀಸೆಲ್ ಕಾರು ಕಳಿಸಿ ಮಾನ ಉಳಿಸಿಕೊಂಡೆ. ಈ ತಿಂಗಳಲ್ಲಿ ಇದು ಎರಡನೆಯ ಸಲ.

ಒಂದು ಸೇವಾ ಕೇಂದ್ರದವರು ಫೋನಿನಲ್ಲೇ "ಹೈಬ್ರಿಡ್ ಬ್ಯಾಟರಿ ಹೋಗಿರಬಹುದು, ಎಳೆದುಕೊಂಡು ಬನ್ನಿ" ಎಂದರು. ಕಾರಿನ ಸಾಲ ಇನ್ನೂ ಮೂರು ವರ್ಷವಿದೆ. ಅದೂ ಅಲ್ಲದೆ ಮೇ ತಿಂಗಳಿನಿಂದ ಹಿಂದಿನ ಸೀಟಿನ ಕಡೆ ಫ್ಯಾನಿನ ಜೋರು ಸದ್ದು ಬರುತ್ತಿದೆ, 21 ಕೊಡುತ್ತಿದ್ದ ಮೈಲೇಜ್ 16ಕ್ಕೆ ಇಳಿದಿದೆ. ಎರಡನೆಯ ಹೈಬ್ರಿಡ್ ಮಾತ್ರ ಚೆನ್ನಾಗಿಯೇ ಇದೆ. ಇದನ್ನು ಮಾರಿ ಮತ್ತೆ ಡೀಸೆಲ್ ತರಬೇಕೇ?

ಹಳೆಯ ಪಾನಾ (ಬೆಳಗಾವಿ):
ತಮ್ಮಾ, ಮಾರುವ ಮಾತು ಆಮೇಲೆ. ನೀನು ಹೇಳಿದ ಲಕ್ಷಣಗಳು ದೊಡ್ಡ ಬ್ಯಾಟರಿಯವಲ್ಲ, 12 ವೋಲ್ಟಿನ ಸಣ್ಣ ಬ್ಯಾಟರಿಯವು. ರಿಮೋಟಿಗೆ ಬಾಗಿಲೇ ತೆರೆಯಲಿಲ್ಲ ಎಂದಾಗಲೇ ನನಗೆ ಅರ್ಧ ಉತ್ತರ ಸಿಕ್ಕಿತು.

ಇಂಥ ಕಾರಿನಲ್ಲಿ ಹಳೆಯ ಬಗೆಯ ಸ್ಟಾರ್ಟರ್ ಮೋಟರ್ ಇಲ್ಲ. ಎಂಜಿನ್ ತಿರುಗಿಸುವುದು ದೊಡ್ಡ ಬ್ಯಾಟರಿಯಿಂದ ಓಡುವ ಮೋಟರ್. ಆದರೆ ಕಂಪ್ಯೂಟರುಗಳಿಗೆ ಜೀವ ಕೊಡುವುದು, ದೊಡ್ಡ ಬ್ಯಾಟರಿಯ ರಿಲೇ (ಕರೆಂಟಿನಿಂದ ಚಾಲೂ ಆಗುವ ಸ್ವಿಚ್) ಎಳೆದು ದಾರಿ ತೆರೆಯುವುದು ಸಣ್ಣದರ ಕೆಲಸ. ಹಗೇವಿನ (ನೆಲದೊಳಗಿನ ಕಣಜದ) ತುಂಬ ಜೋಳವಿದ್ದರೂ ಬಾಯಿಯ ಕಲ್ಲು ಸರಿಸುವ ಆಳಿಲ್ಲದಿದ್ದರೆ ಒಂದು ಸೇರೂ ಮೇಲೆ ಬರುವುದಿಲ್ಲ. ಡೀಸೆಲ್ ಗಾಡಿಯಲ್ಲಿ ಬ್ಯಾಟರಿ ಸೋಲುವಾಗ ಸೆಲ್ಫ್ ಎಳೆದೆಳೆದು ತಿರುಗಿ ಮೊದಲೇ ತಿಳಿಸುತ್ತದೆ. ಇಲ್ಲಿ ಆ ಮುನ್ಸೂಚನೆಯೇ ಇಲ್ಲ, ನಿನ್ನೆ ಓಡಿದ್ದು ಇಂದು ಮಲಗುತ್ತದೆ.

ಮಲ್ಟಿಮೀಟರಿನಿಂದ ಮೂರು ಅಳತೆ ಕೊಡು. ಈಗಿನ ವೋಲ್ಟೇಜ್ ಎಷ್ಟು? ಚಾರ್ಜ್ ಮಾಡಿ ರಾತ್ರಿ ಬಿಟ್ಟ ಮೇಲೆ ಎಷ್ಟು? 'ರೆಡಿ' ಬಂದಾಗ ಎಷ್ಟು? ಆಮೇಲೆ ಕಾರು ಲಾಕ್ ಮಾಡಿ, ಕೀಲಿಯನ್ನು ಮನೆಯೊಳಗೆ ದೂರ ಇಟ್ಟು, ಅರ್ಧ ಗಂಟೆ ಬಿಟ್ಟು, ನಿಂತ ಕಾರು ಎಷ್ಟು ಕರೆಂಟ್ ಎಳೆಯುತ್ತಿದೆ ನೋಡು. ಕೀಲಿ ಹತ್ತಿರವಿದ್ದರೆ ಕಾರಿನ ಕಂಪ್ಯೂಟರ್ ಮಲಗುವುದಿಲ್ಲ, ಅಳತೆ ತಪ್ಪುತ್ತದೆ. ಕಿತ್ತಳೆ ಬಣ್ಣದ ಕೇಬಲ್ ಕಂಡ ಕಡೆ ಕೈ ಹಾಕಬೇಡ. ಅದು ಹೈ ವೋಲ್ಟೇಜ್, ತರಬೇತಿ ಪಡೆದವರೇ ಮುಟ್ಟಬೇಕು.

ಇನ್ನೊಂದು ಮಾತು. ಮುಂದಿನ ಚಕ್ರ ನೆಲದ ಮೇಲಿಟ್ಟು ಹಗ್ಗ ಕಟ್ಟಿ ಎಳೆಯಲು ಬಿಡಬೇಡ. ಚಕ್ರ ತಿರುಗಿದರೆ ಮೋಟರ್ ವಿದ್ಯುತ್ ಹುಟ್ಟಿಸುತ್ತದೆ, ಆಗ ನಿಜವಾಗಿಯೂ ದೊಡ್ಡ ಖರ್ಚು ಬರುತ್ತದೆ. ಒಯ್ಯಲೇಬೇಕಾದರೆ ನಾಲ್ಕೂ ಚಕ್ರ ಎತ್ತುವ ಲಾರಿಯ ಮೇಲೆಯೇ ಒಯ್ಯಬೇಕು.

ಗುಮ್ಮಟದೂರು:
ಕಾಕಾ, ನೀವು ಹೇಳಿದಂತೆಯೇ ಮಾಡಿದೆ. ಮಲಗಿದ್ದಾಗ 9.4 ವೋಲ್ಟ್. ಚಾರ್ಜ್ ಮಾಡಿ ರಾತ್ರಿ ಬಿಟ್ಟ ಮೇಲೆ 12.4. 'ರೆಡಿ'ಯಲ್ಲಿ 14.2. ಕಾರು ಈಗ ಏನೂ ಆಗದಂತೆ ಓಡುತ್ತಿದೆ. ನಿಂತಾಗ ಎಳೆಯುತ್ತಿರುವುದು 140 ಮಿಲಿಆಂಪಿಯರ್.

ಹಳೆಯ ಪಾನಾ:
14.2 ಬಂತೆಂದರೆ ದೊಡ್ಡದರಿಂದ ಸಣ್ಣದಕ್ಕೆ ಇಳಿಸಿಕೊಡುವ ಕನ್ವರ್ಟರ್ ಸರಿಯಿದೆ. ಕಳ್ಳ ಇರುವುದು 140ರಲ್ಲಿ. ದಿನಕ್ಕೆ 3.36 ಆಂಪಿಯರ್-ಗಂಟೆ, ಒಂಬತ್ತು ದಿನಕ್ಕೆ 30. ನಿನ್ನ ಬ್ಯಾಟರಿ 45 ಆಂಪಿಯರ್-ಗಂಟೆಯದ್ದಿದ್ದರೆ ಉಳಿಯುವುದೇನು? ಹೊರಗಿನಿಂದ ಏನೇನು ಜೋಡಿಸಿದ್ದೀ?

ಗುಮ್ಮಟದೂರು:
ಕಾನೂನಿನ ಪ್ರಕಾರ ಹಾಕಿಸಿದ ಜಿಪಿಎಸ್ ಎರಡೂ ಕಾರಿನಲ್ಲಿದೆ. ಈ ಕಾರಿಗೆ ಮಾತ್ರ ಕಳೆದ ಚಳಿಗಾಲದಲ್ಲಿ ಡ್ಯಾಶ್ ಕ್ಯಾಮೆರಾ ಹಾಕಿಸಿದ್ದೆ. ಈಗ ಫ್ಯೂಸ್ ಪೆಟ್ಟಿಗೆ ತೆಗೆದು ನೋಡಿದೆ. ಕ್ಯಾಮೆರಾದ ಕೆಂಪು ವೈರನ್ನು ಯಾವಾಗಲೂ ಕರೆಂಟ್ ಇರುವ ಫ್ಯೂಸಿಗೆ ಸುತ್ತಿ ಟೇಪ್ ಹಚ್ಚಿದ್ದಾರೆ. ಅದನ್ನು ಬಿಚ್ಚಿದ ಕೂಡಲೇ ಮೀಟರ್ 45 ಮಿಲಿಆಂಪಿಯರಿಗೆ ಇಳಿಯಿತು!

ಕೂಡಲಸಂಗಮದ ದಾರಿ (ಬಾಗಲಕೋಟೆ):
ಅಣ್ಣನವರೇ, ನನ್ನದು ಬಾದಾಮಿ, ಪಟ್ಟದಕಲ್ಲು, ಐಹೊಳೆ ಕಡೆಯ ಪ್ರವಾಸಿ ಬಾಡಿಗೆ. ಕ್ಯಾಮೆರಾ ಜೊತೆಗೆ ನಿಮ್ಮ ಡ್ರೈವರನ್ನೂ ಒಂದು ಮಾತು ಕೇಳಿ. ಪ್ರವಾಸಿಗರು ಗುಹೆ ಹತ್ತಿ ಇಳಿಯುವಷ್ಟರಲ್ಲಿ ಎರಡು ಗಂಟೆ. ಅಷ್ಟೂ ಹೊತ್ತು ನಮ್ಮ ಹುಡುಗ ಬ್ರೇಕ್ ಒತ್ತದೆ ಗುಂಡಿಯನ್ನಷ್ಟೇ ಒತ್ತಿ ಹಾಡು ಕೇಳುತ್ತಿದ್ದ. ಎಂಜಿನ್ ಸದ್ದಿಲ್ಲ, ಪೆಟ್ರೋಲ್ ಉಳಿಯಿತು ಎಂಬ ಸಂತೋಷ ಅವನಿಗೆ. ಆದರೆ 'ರೆಡಿ' ಇಲ್ಲದಿದ್ದಾಗ ಎಲ್ಲವೂ ಸಣ್ಣ ಬ್ಯಾಟರಿಯ ಮೇಲೆಯೇ ಬೀಳುತ್ತದೆ. ಕೂರಲೇಬೇಕಿದ್ದರೆ 'ರೆಡಿ'ಯಲ್ಲಿ, ಗೇರನ್ನು 'ಪಾರ್ಕ್'ನಲ್ಲಿ ಇಟ್ಟು ಕೂರಬೇಕು. ಬೇಕಾದಾಗ ಎಂಜಿನ್ ತಾನೇ ಎದ್ದು ಚಾರ್ಜ್ ಮಾಡಿ ಮಲಗುತ್ತದೆ. ಅದಕ್ಕೇ ಮುಚ್ಚಿದ ಶೆಡ್ಡಿನಲ್ಲಿ ಹಾಗೆ ಬಿಡಬಾರದು, ಹೊಗೆ ತುಂಬಿಕೊಳ್ಳುತ್ತದೆ.

ನ್ಯೂಟ್ರಲ್ ಚಟವನ್ನೂ ಬಿಡಿಸಿ. ನ್ಯೂಟ್ರಲ್‌ನಲ್ಲಿ ದೊಡ್ಡ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಡೀಸೆಲ್ ಓಡಿಸಿ ಪಳಗಿದವರು ಇಳಿಜಾರು ಕಂಡರೆ ನ್ಯೂಟ್ರಲ್ ಮಾಡುತ್ತಾರೆ. ಪುಕ್ಕಟೆ ಸಿಗುವ ಕರೆಂಟನ್ನು ದಾರಿಯಲ್ಲೇ ಚೆಲ್ಲಿದಂತೆ ಅದು.

ಹಳೆಯ ಪಾನಾ:
ಸರಿಯಾಗಿ ಹೇಳಿದಿರಿ. ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವ ನಮ್ಮ ಬೆಳಗಾವಿಯವರಿಗೂ ಇದನ್ನೇ ಹೇಳುತ್ತೇನೆ. ಉದ್ದನೆಯ ಇಳಿಜಾರಿನಲ್ಲಿ ಗೇರನ್ನು 'ಬಿ'ಗೆ (ಎಂಜಿನ್ ಹಿಡಿತದ ಸ್ಥಾನಕ್ಕೆ) ಹಾಕಿ. ಬ್ಯಾಟರಿ ತುಂಬಿದ ಮೇಲೆ ಮೋಟರ್ ಹಿಡಿತ ಕೊಡುವುದಿಲ್ಲ, ಆಗ ಎಂಜಿನ್ ಹಿಡಿತವೇ ಬ್ರೇಕನ್ನು ಕಾಯುತ್ತದೆ.

ತಮ್ಮಾ, ಈಗ ಫ್ಯಾನ್ ಸದ್ದಿಗೆ ಬಾ. ನಿನ್ನ ಕಾರಿನಲ್ಲಿ ದೊಡ್ಡ ಬ್ಯಾಟರಿಗೆ ಗಾಳಿ ಒಳಗೆ ಹೋಗುವ ಜಾಲರಿ ಎಲ್ಲಿದೆ ಎಂದು ಕೈಪಿಡಿಯಲ್ಲಿ ನೋಡಿ, ಅದರ ಫೋಟೊ ಹಾಕು.

ಗುಮ್ಮಟದೂರು:
ಫೋಟೊ ಹಾಕಿದ್ದೇನೆ, ನೋಡಿ ನನಗೇ ಸಂಕಟವಾಯಿತು. ಜಾಲರಿ ಹಿಂದಿನ ಸೀಟಿನ ಬದಿಯಲ್ಲಿದೆ. ಬೇಸಿಗೆಗೆಂದು ಹೊಲಿಸಿದ ಟವೆಲ್ ಕವರಿನ ಅಂಚು ಅದರ ಮೇಲೆ ಬಂದು ಕೂತಿದೆ. ಕವರ್ ಎತ್ತಿ ಜಾಲರಿ ಬಿಚ್ಚಿದರೆ ಒಳಗಿನ ಫಿಲ್ಟರ್ ಬೂದುಬಣ್ಣದ ಕಂಬಳಿಯಂತಾಗಿತ್ತು. ಟವೆಲ್ಲಿನ ಎಳೆ, ನಮ್ಮೂರಿನ ಮಣ್ಣು, ಮದುವೆಯ ಅಕ್ಷತೆಯ ನಾಲ್ಕು ಕಾಳು, ಎಲ್ಲವೂ ಒಂದಾಗಿ ಉಗುರಿನಿಂದ ಎತ್ತಿದರೆ ಹಪ್ಪಳದಂತೆ ಇಡಿಯಾಗಿ ಎದ್ದು ಬಂತು.

ಹಳೆಯ ಪಾನಾ:
ಮೈಲೇಜ್ ಹೋದದ್ದು ಅಲ್ಲಿಗೇ. ಆ ಬ್ಯಾಟರಿ ಉಸಿರಾಡುವುದು ಕಾರಿನೊಳಗಿನ ಗಾಳಿಯನ್ನು. ನೀನು ಕೂರಲಾಗದ ಸೆಕೆಯಲ್ಲಿ ಅದೂ ಇರಲಾರದು. ಕಾದರೆ ಕಾರು ಅದನ್ನು ಕಾಪಾಡಿಕೊಳ್ಳಲು ಮೋಟರಿನ ಪಾಲು ಕಡಿಮೆ ಮಾಡಿ ಎಂಜಿನ್ನನ್ನೇ ಹೆಚ್ಚು ಓಡಿಸುತ್ತದೆ. ಬಾಡಿಗೆ ಕಾರಿಗೆ ತಿಂಗಳಿಗೊಮ್ಮೆ ಆ ಫಿಲ್ಟರ್ ತೆಗೆದು ಸ್ವಚ್ಛ ಮಾಡಿಸು. ಕವರನ್ನು ಇಂದೇ ಕತ್ತರಿಸು.

ಗುಮ್ಮಟದೂರು:
ಕತ್ತರಿಸಿದೆ. ಇನ್ನು ದುಡ್ಡಿನ ಪ್ರಶ್ನೆ. ಬಾಡಿಗೆಗೆ ಇದು ನಿಜವಾಗಿಯೂ ಗಿಟ್ಟುತ್ತದೆಯೇ?

ಕೂಡಲಸಂಗಮದ ದಾರಿ:
ಗಿಟ್ಟುತ್ತದೆ, ಆದರೆ ಯಾವ ಬಾಡಿಗೆಗೆ ಯಾವ ಕಾರು ಎಂಬುದನ್ನು ನೋಡಿ ಕಳಿಸಿದರೆ ಮಾತ್ರ. ಪೆಟ್ರೋಲ್ 100, ಡೀಸೆಲ್ 90 ಎಂದು ದುಂಡಗೆ ಹಿಡಿಯಿರಿ. ಊರೊಳಗೆ, ನಿಂತು ನಿಂತು ಹೋಗುವ ಓಟದಲ್ಲಿ ನನ್ನ ಹೈಬ್ರಿಡ್ 21 ಕೊಡುತ್ತದೆ, ಡೀಸೆಲ್ 12. ಕಿಲೋಮೀಟರಿಗೆ 4.76 ರೂಪಾಯಿ ಎಲ್ಲಿ, 7.50 ಎಲ್ಲಿ! ಅದೇ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಹುಬ್ಬಳ್ಳಿಗೆ ಒಂದೇ ಓಟವೆಂದರೆ ಹೈಬ್ರಿಡ್ 18, ಡೀಸೆಲ್ 17. ಆಗ 5.56 ಮತ್ತು 5.29, ಅಂದರೆ ಡೀಸೆಲ್ಲೇ ಅಗ್ಗ. ಆದ್ದರಿಂದ ದೂರದ ನೇರ ಓಟಕ್ಕೆ ನಾನು ಡೀಸೆಲ್ ಕಳಿಸುತ್ತೇನೆ.

ಕ್ಲಚ್ ಇಲ್ಲ, ಆಲ್ಟರ್ನೇಟರ್ ಇಲ್ಲ, ಬ್ರೇಕ್ ಪ್ಯಾಡ್ ಬಹಳ ದಿನ ಬಾಳುತ್ತದೆ. ಪ್ಯಾಡ್ ಸವೆದಿಲ್ಲವೆಂದು ಬ್ರೇಕ್ ಬಿಚ್ಚಿಸದೆ ಇರಬೇಡಿ. ಕಡಿಮೆ ಬಳಕೆಯಿಂದಲೇ ಕ್ಯಾಲಿಪರಿನ (ಪ್ಯಾಡನ್ನು ಒತ್ತುವ ಭಾಗದ) ಪಿನ್ನುಗಳು ಮಳೆಗಾಲದಲ್ಲಿ ಹಿಡಿದುಕೊಳ್ಳುತ್ತವೆ, ವರ್ಷಕ್ಕೊಮ್ಮೆ ಗ್ರೀಸ್ ಹಾಕಿಸಿ. ಇನ್ವರ್ಟರಿನ (ದೊಡ್ಡ ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹೊಂದಿಸುವ ಭಾಗದ) ಕೂಲಂಟ್ ಡಬ್ಬಿ ಎಂಜಿನ್ನಿನದಕ್ಕಿಂತ ಬೇರೆ, ಅದನ್ನೂ ನೋಡಿಸಿ.

ನನಗೆ ತಡವಾಗಿ ಅರ್ಥವಾದದ್ದು ವಾರಂಟಿಯ ಲೆಕ್ಕ. ನನ್ನ ಕಾಗದದಲ್ಲಿ ದೊಡ್ಡ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು ಎಂದಿದೆ. ಮನೆಯ ಕಾರಿಗೆ ಅದು ಎಂಟು ವರ್ಷವೇ. ತಿಂಗಳಿಗೆ 5,000 ಓಡುವ ನನ್ನ ಕಾರಿಗೆ 32 ತಿಂಗಳು! ಅಂದಿನಿಂದ ಪ್ರತಿ ಕಿಲೋಮೀಟರಿಗೆ 50 ಪೈಸೆ ಬೇರೆ ಖಾತೆಗೆ ಹಾಕುತ್ತಿದ್ದೇನೆ. ಮೊದಲ ಕಿಲೋಮೀಟರಿನಿಂದಲೇ ಹಾಕಿದ್ದರೆ ವಾರಂಟಿ ಮುಗಿಯುವ ಹೊತ್ತಿಗೆ 80,000 ಕೂಡುತ್ತಿತ್ತು. ನಿಮ್ಮ ಕಾಗದದಲ್ಲಿ ಬಾಡಿಗೆ ವಾಹನಕ್ಕೆ ಬೇರೆ ಷರತ್ತು ಇದೆಯೇ ಎಂದು ಓದಿ ನೋಡಿ.

ಗುಮ್ಮಟದೂರು (ಮೂರು ವಾರಗಳ ನಂತರ):
ಕ್ಯಾಮೆರಾವನ್ನು ಗುಂಡಿ ಒತ್ತಿದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ ಹಾಕಿಸಿದೆ. ಎರಡು ಸಲ ಪೂರ್ತಿ ಬರಿದಾಗಿದ್ದ 12 ವೋಲ್ಟಿನ ಬ್ಯಾಟರಿಯನ್ನು ಬದಲಿಸಿದೆ. ನಿಂತ ಕಾರನ್ನು ವಾರಕ್ಕೊಮ್ಮೆ ಅರ್ಧ ಗಂಟೆ ಇಬ್ರಾಹಿಂ ರೋಜಾದವರೆಗೆ ಓಡಿಸಿ ತರುತ್ತೇವೆ. ಫ್ಯಾನ್ ಸದ್ದು ನಿಂತಿದೆ, ಮೈಲೇಜ್ 20 ದಾಟಿದೆ. ವಾರಂಟಿ ಕಾಗದ ಓದಿದೆ, ನನ್ನದರಲ್ಲೂ ಅದೇ ಕಿಲೋಮೀಟರ್ ಮಿತಿ ಇದೆ. ಕಾರು ಈಗಾಗಲೇ 71,000 ಓಡಿದೆ. 50 ಪೈಸೆಯ ಖಾತೆಯನ್ನು ಸೋಮವಾರ ತೆರೆದೆ.

ಮೊನ್ನೆ ಅದೇ ಹಿರಿಯರ ಮನೆಯಿಂದ ಮತ್ತೆ ಫೋನ್ ಬಂತು, ಬೆಳಗಿನ ಐದಕ್ಕೆ ಸೊಲ್ಲಾಪುರಕ್ಕೆ. ಇದೇ ಕಾರು ಕಳಿಸಿದೆ.