ಓದುಗರ ಸ್ಪಂದನ: ದೊಡ್ಡ ನಾಯಿ, ಚಿಕ್ಕ ಮಕ್ಕಳು, ಎರಡು ದಿನದ ದಾರಿ

‘ಬೇರೆ ಊರಿಗೆ ಮನೆ ಬದಲಿಸುತ್ತಿದ್ದೇವೆ. ಎರಡು ದೊಡ್ಡ ನಾಯಿ, ಇಬ್ಬರು ಮಕ್ಕಳು, ಒಂದೇ ಕಾರು. ಹೇಗೆ ಹೋಗುವುದು?’ ಎಂದು ಕೇಳಿದ್ದ ಓದುಗರಿಗೆ ಬಂದ ಉತ್ತರಗಳಲ್ಲಿ ಕೆಲವು.

ನಾಯಿಗಳು ಮಕ್ಕಳ ಕಾಲ ಬುಡದಲ್ಲೇ ಮಲಗಿಕೊಳ್ಳುತ್ತವೆ ಎಂದು ಬರೆದಿದ್ದೀರಿ. ದಯವಿಟ್ಟು ಅದೊಂದನ್ನು ಮಾಡಬೇಡಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಕಾರು ಗುದ್ದಿ ನಿಂತರೆ, ಕಟ್ಟದೇ ಬಿಟ್ಟ ನಾಯಿ ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಸುಮಾರು ಹತ್ತು ಮೀಟರ್ ಮೇಲಿಂದ ಬಿದ್ದರೆ ಎಷ್ಟು ಏಟೋ ಅಷ್ಟು ಏಟು. 30 ಕೆ.ಜಿ. ತೂಕದ ನಾಯಿ ಮಗುವಿನ ಮೇಲೆ ಹಾಗೆ ಬಂದು ಬಿದ್ದರೆ ಏನಾದೀತು, ನೀವೇ ಯೋಚಿಸಿ. ಅಲ್ಲದೆ, ಎಷ್ಟೇ ಸಾಧುವಾದರೂ ಹೆದರಿದ ನಾಯಿ, ಜಾರಿಕೊಳ್ಳಲು ಜಾಗವಿಲ್ಲದ ಕಡೆ ಮಗು ಮೈಮೇಲೆ ಬಿದ್ದರೆ ಬಾಯಿ ಹಾಕಬಹುದು.

ಹಿಂದಿನ ಸೀಟಿನ ಆಚೆಗೆ, ಗಾಳಿಯಾಡುವ ಜಾಗದಲ್ಲಿ ಕ್ರೇಟ್ (ನಾಯಿಯನ್ನು ಕೂಡಿಸಿ ಒಯ್ಯುವ ಗಟ್ಟಿ ಪೆಟ್ಟಿಗೆ) ಇಟ್ಟು ಕಾರಿನ ಕೊಂಡಿಗಳಿಗೆ ಬಿಗಿಯಾಗಿ ಕಟ್ಟಿ. ನಾಯಿ ಎದ್ದು ನಿಂತು, ತಿರುಗಿ, ಮಲಗುವಷ್ಟು ದೊಡ್ಡದಿರಬೇಕು. ಕ್ರೇಟಿಗೆ ಕಾರಿನಲ್ಲಿ ಜಾಗ ಸಾಲದಿದ್ದರೆ ಹಾರ್ನೆಸ್ (ಎದೆ, ಬೆನ್ನು ಸುತ್ತುವ ಪಟ್ಟಿ) ಹಾಕಿ ಸೀಟ್ ಬೆಲ್ಟಿಗೆ ಸೇರಿಸಿ. ಕತ್ತಿನ ಪಟ್ಟಿಗೆ ಮಾತ್ರ ಕಟ್ಟಬೇಡಿ, ಬ್ರೇಕ್ ಹಾಕಿದಾಗ ಎಳೆತವೆಲ್ಲ ಕುತ್ತಿಗೆಗೇ ಬೀಳುತ್ತದೆ.

ಕ್ರೇಟನ್ನು ಈಗಲೇ ತಂದು ಬಾಗಿಲು ತೆರೆದಿಡಿ, ಊಟ ಅದರೊಳಗೇ ಹಾಕಿ. ನಮ್ಮ ದೊಡ್ಡದು ಮೊದಮೊದಲು ಮುಂಗಾಲು ಮಾತ್ರ ಒಳಗಿಟ್ಟು, ಹಿಂಗಾಲು ಹೊರಗೇ ಊರಿಕೊಂಡು, ಕತ್ತು ಚಾಚಿ ತಿನ್ನುತ್ತಿತ್ತು. ನಾವು ತಳ್ಳಲಿಲ್ಲ. ತಟ್ಟೆಯನ್ನು ದಿನಾ ಒಂದಿಷ್ಟು ಹಿಂದಕ್ಕೆ ಸರಿಸುತ್ತ ಹೋದೆವು. ಒಂದು ಮಧ್ಯಾಹ್ನ ನೋಡಿದರೆ ತಾನಾಗಿ ಒಳಗೆ ಹೋಗಿ ನಿದ್ದೆ ಹೊಡೆಯುತ್ತಿತ್ತು. ಅದರ ಹಾಸಿಗೆಯನ್ನು ಒಗೆಯದೇ ಒಯ್ಯಿರಿ, ಹೊಸ ಮನೆಯಲ್ಲಿ ಹಳೆಯ ವಾಸನೆಯೇ ಅದಕ್ಕೆ ಧೈರ್ಯ.

ನಾಯಿ ತಪ್ಪಿಸಿಕೊಳ್ಳುವುದು ಕಾರು ನಿಂತಾಗ. ಮಕ್ಕಳು ಬಾಗಿಲು ತೆಗೆದರೆ ಸಾಕು, ರಸ್ತೆಗೆ ಹಾರುತ್ತದೆ. ದೊಡ್ಡವರೊಬ್ಬರು ಲೀಷ್ ಸಿಕ್ಕಿಸಿ, ಹಿಡಿದುಕೊಂಡು ‘ಆಯ್ತು’ ಅನ್ನುವವರೆಗೆ ಯಾರೂ ಬಾಗಿಲು ಮುಟ್ಟುವ ಹಾಗಿಲ್ಲ ಎಂಬುದು ನಮ್ಮಲ್ಲಿ ಕಟ್ಟಪ್ಪಣೆ. ಅದನ್ನು ನೋಡಿಕೊಳ್ಳುವ ಕೆಲಸ ಹಿರಿಯ ಮಗಳದ್ದು, ನಮಗಿಂತ ಅವಳೇ ಕಟ್ಟುನಿಟ್ಟು. ಕತ್ತಿನ ಬಿಲ್ಲೆಯಲ್ಲಿ ನಿಮ್ಮ ಮೊಬೈಲ್ ನಂಬರ್ ಇರಲಿ. ಮೈಕ್ರೋಚಿಪ್ (ಚರ್ಮದಡಿ ಇಡುವ ಗುರುತಿನ ಚಿಪ್) ಹಾಕಿಸಿದ್ದರೆ ಹೊರಡುವ ಮೊದಲೇ ಅದರ ನೋಂದಣಿಯಲ್ಲಿರುವ ವಿಳಾಸ ಬದಲಿಸಿ.
— ಎರಡು ನಾಯಿ, ಮೂರು ಮಕ್ಕಳ ತಾಯಿ

ನಿದ್ದೆಯ ಔಷಧ ಕೊಡಬಹುದೇ ಎಂದು ಕೇಳಿದ್ದೀರಿ. ಮತ್ತಿನಲ್ಲಿರುವ ನಾಯಿಗೆ ಮೈಬಿಸಿಯ ಹತೋಟಿಯೂ ತಪ್ಪುತ್ತದೆ, ನಿಲ್ಲುವ ಸಮತೋಲವೂ ತಪ್ಪುತ್ತದೆ. ವೈದ್ಯರು ನೋಡದೆ ಏನೂ ಬೇಡ, ಮನುಷ್ಯರ ಮಾತ್ರೆಯಂತೂ ಬೇಡವೇ ಬೇಡ. ವಾಂತಿಯೇ ತೊಂದರೆಯಾದರೆ ಮರೋಪಿಟೆಂಟ್ ಎಂಬ ಬೇರೆಯೇ ಔಷಧವಿದೆ, ನಿಮ್ಮ ವೈದ್ಯರನ್ನು ಕೇಳಿ. ಹೊರಡುವ ಮೂರು ನಾಲ್ಕು ಗಂಟೆ ಮೊದಲು ಸ್ವಲ್ಪವೇ ಊಟ, ದಾರಿಯಲ್ಲಿ ಆಗಾಗ ನೀರು. ಆಳವಾದ ಎದೆಯ ದೊಡ್ಡ ತಳಿಗಳಿಗೆ ಜಠರ ತಿರುಚಿಕೊಳ್ಳುವ ಅಪಾಯವಿದೆ. ಹೊಟ್ಟೆ ಉಬ್ಬಿ, ವಾಂತಿಯಾಗದೆ ಬರೀ ಓಕರಿಸುತ್ತಿದ್ದರೆ ಕಾಯಬೇಡಿ, ಹತ್ತಿರದ ಪಶು ಆಸ್ಪತ್ರೆಗೆ ಕಾರು ತಿರುಗಿಸಿ.

ಮಕ್ಕಳ ತಿಂಡಿಯಲ್ಲಿ ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಝೈಲಿಟಾಲ್ (ಸಕ್ಕರೆಗೆ ಬದಲಾಗಿ ಹಾಕುವ ಸಿಹಿ) ಇರುವ ಚೂಯಿಂಗ್ ಗಮ್ ಬೇಡ. ಇವೆಲ್ಲ ನಾಯಿಗೆ ವಿಷ, ಕೆಳಗೆ ಬಿದ್ದದ್ದನ್ನು ಅದು ಬಿಡುವುದಿಲ್ಲ.

‘ಐದೇ ನಿಮಿಷ’ ಎಂದು ಮಕ್ಕಳನ್ನಾಗಲಿ ನಾಯಿಗಳನ್ನಾಗಲಿ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಹೊರಗೆ ಹಿತವಾದ 22 ಡಿಗ್ರಿ ಇದ್ದರೂ, ಬಿಸಿಲಲ್ಲಿ ನಿಂತ ಕಾರಿನೊಳಗೆ ಒಂದು ಗಂಟೆಯಲ್ಲಿ 40 ದಾಟಬಹುದು. ಹೆಚ್ಚಿನ ಏರಿಕೆ ಮೊದಲ ಅರ್ಧ ಗಂಟೆಯಲ್ಲೇ. ಗಾಜು ಬೆರಳಷ್ಟು ಇಳಿಸಿಟ್ಟರೆ ಏನೂ ಪ್ರಯೋಜನವಿಲ್ಲ. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ, ಒಳಗಿನ ಗಾಳಿಯೇ ಕಾದರೆ ಅದಕ್ಕೆ ಬೇರೆ ದಾರಿಯಿಲ್ಲ.
— ಒಬ್ಬ ಪಶುವೈದ್ಯೆ

ಎಲ್ಲರೂ ಒಂದೇ ಕಾರಿನಲ್ಲಿ ಹೋಗಲೇಬೇಕೇ? ಮಕ್ಕಳ ಸೀಟು, ನಾಯಿಗಳ ಕ್ರೇಟ್ ಇಟ್ಟ ಮೇಲೆ ಜಾಗವಿಲ್ಲದಿದ್ದರೆ ಸಾಮಾನನ್ನೆಲ್ಲ ಲಾರಿಗೆ ಹಾಕಿ. ಆಗಲೂ ಸಾಲದಿದ್ದರೆ ಒಬ್ಬರು ಮಕ್ಕಳೊಂದಿಗೆ ರೈಲಿನಲ್ಲೋ ಬಸ್ಸಿನಲ್ಲೋ ಹೋಗಲಿ, ಇನ್ನೊಬ್ಬರು ಸ್ನೇಹಿತರೊಬ್ಬರನ್ನು ಜೊತೆ ಮಾಡಿಕೊಂಡು ನಾಯಿಗಳನ್ನು ಕರೆತರಲಿ. ನಾವು ಹೀಗೇ ಹೋದದ್ದು, ಯಾರೂ ಅತ್ತು ಕರೆದು ಮಾಡಲಿಲ್ಲ. ಎಲ್ಲರೂ ಒಟ್ಟಿಗೇ ಹೊರಟರೆ ಎರಡು ಗಂಟೆಗೊಮ್ಮೆಯಾದರೂ ನಿಲ್ಲಿಸಿ. ರಾತ್ರಿ ತಂಗುವ ಕಡೆ ‘ನಾಯಿ ತರಬಹುದು’ ಎಂದಷ್ಟೇ ಕೇಳಿಕೊಂಡು ಹೊರಡಬೇಡಿ. ಎಷ್ಟು ನಾಯಿ, ಎಷ್ಟು ತೂಕ ಎಂದು ಮೊದಲೇ ಫೋನ್ ಮಾಡಿ ಬಿಡಿಸಿ ಹೇಳಿ. ಸಣ್ಣ ನಾಯಿಗಷ್ಟೇ ಒಪ್ಪುವವರೂ ಇದ್ದಾರೆ.
— ಇಬ್ಬರು ಮಕ್ಕಳ ತಂದೆ